ಬೆಳಗಾವಿ ಮತ್ತು ಖಾನಾಪುರ ಭಾಗದಲ್ಲಿ ವಾಣಿಜ್ಯ ಅಣಬೆ ಬೇಸಾಯ: ಬೆಳವಣಿಗೆ ಮತ್ತು ತೊಡಕುಗಳು

ಅಣಬೆ ಬೇಸಾಯ ಆರಂಭಿಸಲು ಬಯಸುವ ರೈತರು ಸಾಮಾನ್ಯವಾಗಿ ಮೊದಲು ಕೇಳುವುದು, ಒಂದು ಚೀಲಕ್ಕೆ ಎಷ್ಟು ಇಳುವರಿ ಬರುತ್ತದೆ ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಬೆಳಿಗ್ಗೆ ಕೊಯ್ದ ಅಣಬೆಯನ್ನು ಅದೇ ದಿನ ಸಂಜೆಯೊಳಗೆ ಯಾರು ಕೊಳ್ಳುತ್ತಾರೆ? ಖಾನಾಪುರ ತಾಲ್ಲೂಕಿನ ಹವಾಮಾನ ಚಿಪ್ಪು ಅಣಬೆಗೆ ವರ್ಷದ ಬಹುಭಾಗ ಒಗ್ಗುತ್ತದೆ. ಭತ್ತದ ಹುಲ್ಲು ಊರಲ್ಲೇ ದೊರೆಯುತ್ತದೆ. ಬೆಳೆಸುವ ವಿಧಾನವನ್ನು ಶ್ರದ್ಧೆಯಿಂದ ಕಲಿತರೆ ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ಹೀಗಿದ್ದೂ ಘಟಕಗಳು ಒಂದೆರಡು ವರ್ಷಗಳಲ್ಲಿ ನಿಂತುಹೋಗುವುದುಂಟು. ನಿಲ್ಲುವ ಕಾರಣಗಳನ್ನು ನೋಡಿದರೆ ಮೂರು ಕಡೆ ಎಡವಿರುವುದು ಕಾಣುತ್ತದೆ: ಹುಲ್ಲು, ಬೀಜ ಮತ್ತು ಮಾರಾಟ. ಈ ಲೇಖನದಲ್ಲಿ ಈ ಮೂರಕ್ಕೇ ಹೆಚ್ಚಿನ ಜಾಗ ಕೊಡಲಾಗಿದೆ.

ಕಾಡಿನ ಅಣಬೆಯಿಂದ ಕೋಣೆಯ ಅಣಬೆಗೆ

ಖಾನಾಪುರದ ಜನರಿಗೆ ಅಣಬೆ ಹೊಸ ಪದಾರ್ಥವಲ್ಲ. ಮುಂಗಾರು ಹಿಡಿದ ಮೇಲೆ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಕಾಡಂಚಿನಲ್ಲಿ ಹುತ್ತದ ಮೇಲೆ ಏಳುವ ಅಣಬೆಯನ್ನು ಸಂಗ್ರಹಿಸಿ ಅಡುಗೆ ಮಾಡುವುದು ಹಳೆಯ ರೂಢಿ. ಮರಾಠಿ ಮಾತನಾಡುವ ಮನೆಗಳಲ್ಲಿ ಇದಕ್ಕೆ ಅಳಂಬಿ ಎನ್ನುತ್ತಾರೆ. ಈ ಹುತ್ತದ ಅಣಬೆಯನ್ನು ಗೆದ್ದಲು ತನ್ನ ಗೂಡಿನೊಳಗೆ ತಾನೇ ಸಾಕುತ್ತದೆ. ಗೆದ್ದಲಿನ ನೆರವಿಲ್ಲದೆ ಅದನ್ನು ವಾಣಿಜ್ಯ ಮಟ್ಟದಲ್ಲಿ ಬೆಳೆಸುವ ವಿಧಾನ ಇನ್ನೂ ಕೈಗೂಡಿಲ್ಲ. ಆದ್ದರಿಂದ "ಹುತ್ತದ ಅಣಬೆಯ ಬೀಜ" ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಕೋಣೆಯಲ್ಲಿ ಬೆಳೆಸುವ ಅಣಬೆಯ ವಿಷಯಕ್ಕೆ ಬಂದರೆ ನಮ್ಮ ರಾಜ್ಯಕ್ಕೆ ಒಂದು ಹೆಮ್ಮೆಯ ಸಂಗತಿಯಿದೆ. ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಸುವ ಪದ್ಧತಿಯನ್ನು ಭಾರತದಲ್ಲಿ ಮೊದಲಿಗೆ ರೂಪಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಬಾನೊ ಮತ್ತು ಶ್ರೀವಾಸ್ತವ. ಅದು 1962ರ ಮಾತು. ಅದೇ ಹೊತ್ತಿಗೆ ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ ಗುಂಡಿ ಅಣಬೆಯ ಪ್ರಯತ್ನಗಳು ಆರಂಭವಾಗಿದ್ದವು. ಇಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಣಬೆ ಸಂಶೋಧನಾ ನಿರ್ದೇಶನಾಲಯ ಇರುವುದೂ ಅಲ್ಲಿಯೇ. ನಂತರದ ದಶಕಗಳಲ್ಲಿ ಗುಂಡಿ ಅಣಬೆಯೇ ಮುಂದೆ ಹೋಯಿತು. ದೇಶದ ಒಟ್ಟು ಅಣಬೆ ಉತ್ಪಾದನೆಯಲ್ಲಿ ಮೂರನೇ ಎರಡಕ್ಕೂ ಹೆಚ್ಚು ಪಾಲು ಅದರದೇ.

ಇದರ ಪರಿಣಾಮ ಬೆಳಗಾವಿಯ ಪೇಟೆಯಲ್ಲೂ ಕಾಣುತ್ತದೆ. ನಗರದ ಗ್ರಾಹಕರಿಗೆ ಮಶ್ರೂಮ್ ಎಂದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ದುಂಡನೆಯ ಬಿಳಿ ಗುಂಡಿ ಅಣಬೆ. ಹೋಟೆಲ್ ಅಡುಗೆಯವರು ಮಸಾಲೆ ಹಾಕುವುದೂ ಅದರ ಅಳತೆಗೇ. ಚಿಪ್ಪು ಅಣಬೆ ಬೆಳೆಯುವ ಸಣ್ಣ ರೈತರು ಬೆಳೆಯ ಜೊತೆಗೆ ಅದರ ರುಚಿಯನ್ನೂ ಪರಿಚಯಿಸಬೇಕಾಗುತ್ತದೆ. ಈ ಶ್ರಮವನ್ನು ಯೋಜನಾ ವರದಿಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವ ಕಾಲಕ್ಕೆ ಯಾವ ಅಣಬೆ

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಖಾನಾಪುರ ದಾಟಿ ಘಟ್ಟದ ಕಡೆ ಸಾಗಿದಂತೆ ಮಳೆ ಏರುತ್ತದೆ. ಪೂರ್ವಕ್ಕೆ ಬೀಡಿ, ಕಕ್ಕೇರಿ, ಇಟಗಿ ಕಡೆ ಬಂದರೆ ಒಣ ಹವೆ ಹೆಚ್ಚು. ಒಂದೇ ತಾಲ್ಲೂಕಿನೊಳಗೆ ಇಷ್ಟು ವ್ಯತ್ಯಾಸವಿರುವುದರಿಂದ ಬೇರೆ ಊರಿನ ವೇಳಾಪಟ್ಟಿಯನ್ನು ನಕಲು ಮಾಡುವುದು ಸರಿಯಲ್ಲ. ಒಂದು ಉಷ್ಣಮಾಪಕ ಮತ್ತು ಒಂದು ಆರ್ದ್ರತಾಮಾಪಕ ತಂದು, ಅಣಬೆ ಬೆಳೆಸಲು ಉದ್ದೇಶಿಸಿರುವ ಕೋಣೆಯಲ್ಲಿಯೇ ನೇತುಹಾಕಿ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಅಂಕಿಗಳನ್ನು ಕೆಲವು ವಾರ ಬರೆದಿಡಿ. ಈ ಪುಸ್ತಕವೇ ನಿಮ್ಮ ನಿಜವಾದ ಮಾರ್ಗದರ್ಶಿ.

ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಾಗೂ ಶೇ. 80ರಿಂದ 85ರಷ್ಟು ಗಾಳಿಯ ತೇವಾಂಶ ಬೇಕು. ಜೂನ್‌ನಿಂದ ಫೆಬ್ರವರಿಯವರೆಗೆ ಖಾನಾಪುರದ ಹಂಚಿನ ಮನೆಯೊಳಗೆ ಇದು ಹೆಚ್ಚಿನ ಖರ್ಚಿಲ್ಲದೆ ಸಾಧ್ಯ. ಬಿಳಿ ಬಣ್ಣದ ಫ್ಲೋರಿಡಾ, ಬೂದು ಬಣ್ಣದ ಸಾಜರ್ ಕಾಜು, ದಪ್ಪ ತಿರುಳಿನ ಎಲ್ಮ್ ಚಿಪ್ಪು ಅಣಬೆ ಇವು ಬಳಕೆಯಲ್ಲಿರುವ ಮುಖ್ಯ ಬಗೆಗಳು. ಹೊಸಬರು ಫ್ಲೋರಿಡಾದಿಂದ ಆರಂಭಿಸುವುದು ಒಳಿತು. ಬಿಳಿ ಬಣ್ಣವನ್ನು ಪೇಟೆ ಬೇಗ ಒಪ್ಪುತ್ತದೆ.

ಮಾರ್ಚ್‌ನಿಂದ ಮೇವರೆಗೆ ಹಗಲಿನ ಉಷ್ಣಾಂಶ 35 ಡಿಗ್ರಿಯ ಆಸುಪಾಸಿಗೆ ಏರುವಾಗ ಚಿಪ್ಪು ಅಣಬೆಯ ಮೊಗ್ಗುಗಳು ಒಣಗುತ್ತವೆ. ಆ ಅವಧಿಗೆ ಹಾಲು ಅಣಬೆ ತಕ್ಕದ್ದು. ಇದು 30ರಿಂದ 35 ಡಿಗ್ರಿಯಲ್ಲಿ ಬೆಳೆಯುತ್ತದೆ, ಚೀಲದ ಮೇಲೆ 3-4 ಸೆಂ.ಮೀ. ಹೊದಿಕೆ ಮಣ್ಣು ಬೇಡುತ್ತದೆ, ಕೊಯ್ದ ಮೇಲೆ ಚಿಪ್ಪು ಅಣಬೆಗಿಂತ ಹೆಚ್ಚು ದಿನ ಬಾಳುತ್ತದೆ. ಬೇಸಿಗೆಯ ಮದುವೆ ಕಾಲಕ್ಕೆ ಇದು ಕೈಗೆ ಬರುವುದು ಇನ್ನೊಂದು ಅನುಕೂಲ.

ಮಳೆಗಾಲದ ಬಗ್ಗೆ ಒಂದು ಎಚ್ಚರಿಕೆ. ಜುಲೈ, ಆಗಸ್ಟ್‌ನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ನೀರು ಸಿಂಪಡಿಸುವ ಕೆಲಸ ತಪ್ಪುತ್ತದೆ. ಅಣಬೆಯೂ ಸೊಗಸಾಗಿ ಏಳುತ್ತದೆ. ಆದರೆ ಹುಲ್ಲಿಗೆ ಬೂಷ್ಟು ಹಿಡಿಯುವುದು, ನೊಣಗಳ ಕಾಟ, ಬಸವನಹುಳು, ಬಿಸಿಲಿಲ್ಲದೆ ಒಣಗಿಸಲಾಗದಿರುವುದು, ವಿದ್ಯುತ್ ವ್ಯತ್ಯಯ, ಹದಗೆಟ್ಟ ರಸ್ತೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಆದ್ದರಿಂದ ಮೊದಲ ಬೆಳೆಯನ್ನು ಮಳೆಗಾಲದಲ್ಲಿ ಆರಂಭಿಸಬೇಡಿ. ಹೊಸ ಹುಲ್ಲು ಬಂದ ಮೇಲೆ, ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಆರಂಭಿಸಿದರೆ ಕಲಿಯಲು ಮೂರು ತಿಂಗಳು ಸಿಗುತ್ತದೆ.

ಹುಲ್ಲು: ಅರ್ಧ ಬೆಳೆ ಇಲ್ಲಿಯೇ ತೀರ್ಮಾನ

ಖಾನಾಪುರದಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ ಎಂಬ ಮಾತು ಅರ್ಧ ನಿಜ. ಹುಲ್ಲು ಮೊದಲಿಗೆ ದನಕರುಗಳ ಮೇವು. ಒಳ್ಳೆಯ ಹುಲ್ಲು ಕೊಟ್ಟಿಗೆಗೆ ಹೋಗಿ, ಮಳೆಗೆ ಸಿಕ್ಕಿ ಕಪ್ಪಾದದ್ದು ಅಣಬೆ ಕೋಣೆಗೆ ಬರುವುದು ಅನೇಕ ಮನೆಗಳ ರೂಢಿ. ಅಣಬೆ ಬೇಸಾಯದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಕೊಯ್ಲಿನ ಹೊತ್ತಿಗೆ ಗದ್ದೆಯಲ್ಲಿ ನೆನೆದ ಹುಲ್ಲಿನೊಳಗೆ ಬೇರೆ ಶಿಲೀಂಧ್ರಗಳು ಆಗಲೇ ಬೇರೂರಿರುತ್ತವೆ. ಬಿಸಿನೀರಿನ ಉಪಚಾರ ಅವುಗಳ ಸಂಖ್ಯೆಯನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ.

ಹೊಂಬಣ್ಣದ, ಗಟ್ಟಿಯಾದ, ವಾಸನೆಯಿಲ್ಲದ, ಒಂದು ವರ್ಷ ಮೀರದ ಹುಲ್ಲನ್ನೇ ಆರಿಸಿ. ಬೆಂಕಿ ರೋಗಕ್ಕೆಂದು ಕೊಯ್ಲಿಗೆ ಸಮೀಪದ ದಿನಗಳಲ್ಲಿ ಶಿಲೀಂಧ್ರನಾಶಕ ಸಿಂಪಡಿಸಿದ ಗದ್ದೆಯ ಹುಲ್ಲನ್ನು ತೆಗೆದುಕೊಳ್ಳಬೇಡಿ. ಅಣಬೆಯೂ ಒಂದು ಶಿಲೀಂಧ್ರವೇ. ರೋಗಕ್ಕೆ ಹಾಕಿದ ಔಷಧ ಬೆಳೆಯ ಬೆಳವಣಿಗೆಯನ್ನೂ ತಡೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳೂ ಬೆಳೆ ನಡೆಸುವವರು ಆ ಅವಧಿಯ ಹುಲ್ಲನ್ನು ಮೇ ಮೊದಲ ವಾರದೊಳಗೆ ಒಳಗೆ ಸೇರಿಸಬೇಕು. ವಾರಕ್ಕೆ 100 ಚೀಲ ಕಟ್ಟುವ ಘಟಕಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 17 ವಾರಗಳಿಗೆ ಸುಮಾರು 1,700 ಕಿಲೋ ಒಣ ಹುಲ್ಲು ಬೇಕಾಗುತ್ತದೆ. ಅದನ್ನು ನೆಲಕ್ಕೆ ತಾಗದಂತೆ ಅಟ್ಟದ ಮೇಲೆ ಇಡಲು ಜಾಗವಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅಂಗಳದ ಬಣವೆಯಿಂದ ಆಗಸ್ಟ್‌ನಲ್ಲಿ ಎಳೆದ ಹುಲ್ಲು ಈ ಕೆಲಸಕ್ಕೆ ಬಾರದು.

ಬೇರೆ ಕಚ್ಚಾವಸ್ತುಗಳನ್ನೂ ಪರಿಗಣಿಸಬಹುದು. ಜಿಲ್ಲೆಯಲ್ಲಿ ಸೋಯಾಅವರೆ ಸಾಕಷ್ಟು ಬೆಳೆಯುವುದರಿಂದ ಅದರ ಒಣ ಕಡ್ಡಿ, ಹೊಟ್ಟು ಸಿಗುತ್ತದೆ. ಸಾರಜನಕ ಹೆಚ್ಚಿರುವ ಕಾರಣ ಇದರ ಮೇಲೆ ಚಿಪ್ಪು ಅಣಬೆಯ ಇಳುವರಿ ಚೆನ್ನಾಗಿ ಬರುತ್ತದೆ. ಅದೇ ಕಾರಣಕ್ಕೆ ಹಸಿರು ಬೂಷ್ಟೂ ಬೇಗ ಏರುತ್ತದೆ. ಮೊದಲು ನಾಲ್ಕನೇ ಒಂದು ಪಾಲು ಸೋಯಾ, ಉಳಿದದ್ದು ಭತ್ತದ ಹುಲ್ಲು ಬೆರೆಸಿ ಕೆಲವೇ ಚೀಲಗಳಲ್ಲಿ ಪರೀಕ್ಷಿಸಿ ನೋಡಿ. ಕಬ್ಬಿನ ರವದಿಯನ್ನು ಹೊಲದಲ್ಲೇ ಸುಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಸ್ವಚ್ಛವಾಗಿ ಒಣಗಿದ ರವದಿಯ ಮೇಲೂ ಚಿಪ್ಪು ಅಣಬೆ ಬೆಳೆಯುತ್ತದೆ, ಆದರೆ ಸಣ್ಣಗೆ ಕತ್ತರಿಸುವ ಯಂತ್ರವಿಲ್ಲದೆ ಈ ಕೆಲಸ ಸಾಗದು.

ಹುಲ್ಲನ್ನು 3ರಿಂದ 5 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಗೋಣಿ ಚೀಲದಲ್ಲಿ ತುಂಬಿ, ಶುದ್ಧ ನೀರಿನಲ್ಲಿ 8ರಿಂದ 12 ಗಂಟೆ ನೆನೆಸಿ. ನೀರು ಬಸಿದ ಮೇಲೆ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗೋಣಿಯ ನಡುಭಾಗಕ್ಕೆ ಶಾಖ ಮುಟ್ಟಲು ಸಮಯ ಹಿಡಿಯುತ್ತದೆ. ಒಂದು ಗಂಟೆಯ ಲೆಕ್ಕ ಆ ಬಳಿಕ ಆರಂಭವಾಗಬೇಕು. ಫಾರ್ಮಲಿನ್ ಮತ್ತು ಶಿಲೀಂಧ್ರನಾಶಕದ ದ್ರಾವಣದಲ್ಲಿ ನೆನೆಸುವ ಪದ್ಧತಿಯೂ ಚಾಲ್ತಿಯಲ್ಲಿದೆ. ಉರುವಲು ಉಳಿಯುತ್ತದೆ ಎಂಬುದು ನಿಜವಾದರೂ, ಫಾರ್ಮಲಿನ್ ಆವಿ ಕಣ್ಣು, ಶ್ವಾಸಕೋಶಕ್ಕೆ ಅಪಾಯಕಾರಿ. ಮನೆಗೆ ಹೊಂದಿಕೊಂಡ ಕೋಣೆಗಳಲ್ಲಿ ಮಹಿಳೆಯರು ಮಾಡುವ ಈ ಕೆಲಸಕ್ಕೆ ಬಿಸಿನೀರು ಅಥವಾ ಹಬೆಯ ವಿಧಾನವೇ ಯೋಗ್ಯ.

ಉಪಚರಿಸಿದ ಹುಲ್ಲನ್ನು ಸ್ವಚ್ಛವಾದ ಇಳಿಜಾರು ಜಾಗದಲ್ಲಿ ಹರಡಿ ಆರಿಸಿ. ಒಂದು ಹಿಡಿ ಹುಲ್ಲನ್ನು ಬಿಗಿಯಾಗಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಆಗ ತೇವಾಂಶ ಶೇ. 65ರ ಹತ್ತಿರ ಇದೆ ಎಂದು ತಿಳಿಯಿರಿ. ಆತುರದಲ್ಲಿ ಹೆಚ್ಚು ನೀರಿರುವ ಹುಲ್ಲನ್ನು ತುಂಬಿದರೆ ಚೀಲದ ತಳದಲ್ಲಿ ನೀರು ನಿಂತು ಕೊಳೆತ ವಾಸನೆ ಬರುತ್ತದೆ.

ಬೀಜ: ಬಿಸಿಲಿಗೆ ಬಿಟ್ಟರೆ ಕೆಟ್ಟಿತು

ಅಣಬೆ ಬೀಜವನ್ನು ತಯಾರಿಸುವುದು ಬೇಯಿಸಿದ ಜೋಳದ ಕಾಳಿನ ಮೇಲೆ. ಜೋಳದ ನಾಡಾದ ಉತ್ತರ ಕರ್ನಾಟಕಕ್ಕೆ ಕಾಳಿನ ಕೊರತೆಯಿಲ್ಲ. ಕೊರತೆಯಿರುವುದು ಪ್ರಯೋಗಾಲಯದ ಶುಚಿತ್ವ ಕಾಪಾಡಬಲ್ಲ ಸ್ಥಳೀಯ ಘಟಕಗಳಿಗೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬೀಜ ತರಿಸುವುದಾದರೆ ಬೆಳಗಾವಿಗೆ 500 ಕಿ.ಮೀ. ಪ್ರಯಾಣ. ರಾತ್ರಿ ಬಸ್ಸಿನಲ್ಲಿ ತರುವುದು, ಮುಂಜಾನೆ ಇಳಿಸಿಕೊಂಡು ನೇರವಾಗಿ ತಂಪಾದ ಕೋಣೆಗೆ ಸೇರಿಸುವುದು ಕಡ್ಡಾಯ. ನಿಲ್ಲಿಸಿದ ವಾಹನದೊಳಗೆ ಮಧ್ಯಾಹ್ನದವರೆಗೆ ಬಿಟ್ಟ ಬೀಜ ನೋಡಲು ಬಿಳಿಯಾಗಿಯೇ ಇರುತ್ತದೆ. ಚೀಲಕ್ಕೆ ಹಾಕಿದ ಹತ್ತು ದಿನಗಳ ಮೇಲೆ ಗೊತ್ತಾಗುತ್ತದೆ, ಅದು ಸತ್ತಿತ್ತೆಂದು.

ತಯಾರಿಕೆಯ ದಿನಾಂಕ ನೋಡದೆ ಬೀಜ ಕೊಳ್ಳಬೇಡಿ. ಒಂದು ತಿಂಗಳೊಳಗಿನ ಬೀಜ ಉತ್ತಮ. ಕಾಳುಗಳ ಮೇಲೆ ಹತ್ತಿಯಂತಹ ಬಿಳಿ ಎಳೆಗಳು ಸಮನಾಗಿ ಹರಡಿರಬೇಕು. ಹಸಿರು, ಕಪ್ಪು ಚುಕ್ಕೆ ಇದ್ದರೆ, ಹುಳಿ ವಾಸನೆ ಬಂದರೆ ಆ ಪೊಟ್ಟಣವನ್ನು ಬಿಚ್ಚದೆ ಹಿಂದಿರುಗಿಸಿ. ಹುಲ್ಲು ಸಿದ್ಧಪಡಿಸುವ ದಿನ ನಿಗದಿಯಾದ ಮೇಲೆ ಬೀಜ ತರಿಸಿರಿ, ಬೀಜ ಬಂದ ಮೇಲೆ ಹುಲ್ಲು ಹುಡುಕಬೇಡಿ. ಒಂದು ಕಿಲೋ ಒಣ ಹುಲ್ಲಿಗೆ ಸುಮಾರು 100 ಗ್ರಾಂ ಬೀಜ ಸಾಕು. ಸ್ವಂತ ಬೀಜ ಘಟಕ ಸ್ಥಾಪಿಸುವ ಆಲೋಚನೆಯನ್ನು ಕನಿಷ್ಠ ಎರಡು ವರ್ಷ ಬೆಳೆ ನಡೆಸಿದ ನಂತರ ಮಾಡಿ. ನಿಮ್ಮ ಬೀಜ ಕೆಟ್ಟರೆ ನಷ್ಟ ನಿಮ್ಮೊಬ್ಬರದಾಗಿರುವುದಿಲ್ಲ, ಕೊಂಡೊಯ್ದ ಎಲ್ಲ ರೈತರದಾಗಿರುತ್ತದೆ.

ಚೀಲದಿಂದ ಕೊಯ್ಲಿನವರೆಗೆ

ಈ ಭಾಗವನ್ನು ತರಬೇತಿಯಲ್ಲಿ ಕೈಯಾರೆ ಮಾಡಿ ಕಲಿಯುವುದೇ ಸೂಕ್ತವಾದ್ದರಿಂದ ಇಲ್ಲಿ ಸಂಕ್ಷಿಪ್ತವಾಗಿ ಹೇಳಲಾಗಿದೆ. ಒಂದು ಕಿಲೋ ಒಣ ಹುಲ್ಲು ನೆನೆದ ಮೇಲೆ ಸುಮಾರು ಮೂರು ಕಿಲೋ ಆಗುತ್ತದೆ. ಅದನ್ನು ಪಾಲಿಥಿನ್ ಚೀಲದಲ್ಲಿ ನಾಲ್ಕೈದು ಪದರಗಳಾಗಿ ಒತ್ತಿ ತುಂಬಿ, ಪ್ರತಿ ಪದರದ ಅಂಚಿಗೆ ಬೀಜ ಉದುರಿಸಿ, ಬಾಯಿ ಕಟ್ಟಿ, ಸುತ್ತ 10-15 ಸಣ್ಣ ರಂಧ್ರ ಮಾಡಿ ಕತ್ತಲೆ ಕೋಣೆಯಲ್ಲಿಡಿ. 15ರಿಂದ 20 ದಿನಗಳಲ್ಲಿ ಚೀಲ ಪೂರ್ತಿ ಬಿಳಿಯಾಗುತ್ತದೆ. ಆ ಬಳಿಕ ಗಾಳಿ, ಬೆಳಕು ಇರುವ ಕೋಣೆಗೆ ಸಾಗಿಸಿ, ಚೀಲವನ್ನು ಅಲ್ಲಲ್ಲಿ ಸೀಳಿ, ನೆಲುವಿನಂತೆ ಹಗ್ಗದಲ್ಲಿ ಒಂದರ ಕೆಳಗೊಂದು ತೂಗುಹಾಕಿ. ಒಂದು ವಾರದೊಳಗೆ ಮೊದಲ ಕೊಯ್ಲು. ನಂತರ 7-10 ದಿನಗಳ ಅಂತರದಲ್ಲಿ ಎರಡನೇ ಮತ್ತು ಮೂರನೇ ಕೊಯ್ಲು. ಒಂದು ಕಿಲೋ ಒಣ ಹುಲ್ಲಿಗೆ 500ರಿಂದ 700 ಗ್ರಾಂ ತಾಜಾ ಅಣಬೆ ನಿರೀಕ್ಷಿಸಬಹುದು. ಇದಕ್ಕಿಂತ ಬಹಳ ಹೆಚ್ಚಿನ ಅಂಕಿಯನ್ನು ಯಾರಾದರೂ ಹೇಳಿದರೆ, ಅದು ಒಣ ಹುಲ್ಲಿನ ತೂಕಕ್ಕೋ ಒದ್ದೆ ಹುಲ್ಲಿನ ತೂಕಕ್ಕೋ ಎಂದು ಕೇಳಿ.

ಬೆಳೆ ತನ್ನ ತೊಂದರೆಯನ್ನು ತಾನೇ ತೋರಿಸುತ್ತದೆ. ಕಾಂಡ ಉದ್ದವಾಗಿ ಕೊಡೆ ಚಿಕ್ಕದಾದರೆ ಕೋಣೆಯಲ್ಲಿ ಗಾಳಿಯಾಟ ಸಾಲದು. ಮಳೆಗಾಲದಲ್ಲಿ ಚಳಿಗೆ ಹೆದರಿ ಕಿಟಕಿ ಮುಚ್ಚುವ ಮನೆಗಳಲ್ಲಿ ಇದು ಸಾಮಾನ್ಯ. ಮೊಗ್ಗು ಒಣಗಿ ಕಂದಾದರೆ ತೇವಾಂಶ ಕಡಿಮೆ. ಕೊಡೆಯ ಮೇಲೆ ಹಳದಿ ಮಚ್ಚೆ, ಲೋಳೆ ಕಂಡರೆ ನೀರು ನಿಂತು ಬ್ಯಾಕ್ಟೀರಿಯಾ ಸೇರಿದೆ. ನೀರನ್ನು ಮಂಜಿನಂತೆ ಸಿಂಪಡಿಸಿ, ಗಾಳಿಗೆ ಆರಲು ಬಿಡಿ. ಹಸಿರು ಬೂಷ್ಟಿನ ಚೀಲವನ್ನು ಕೋಣೆಯೊಳಗೆ ಬಿಚ್ಚದೆ ದೂರ ಸಾಗಿಸಿ ಮಣ್ಣಿನಲ್ಲಿ ಹೂಳಿ. ನೊಣಗಳಿಗೆ ಕಿಟಕಿ, ಬಾಗಿಲುಗಳಿಗೆ ಸಣ್ಣ ಕಣ್ಣಿನ ಜಾಲರಿ ಮತ್ತು ಹಳದಿ ಅಂಟುಬಲೆ ಸಾಕು. ಬೆಳೆಯ ಮೇಲೆ ಕೀಟನಾಶಕ ಸಿಂಪಡಿಸುವ ಯೋಚನೆಯನ್ನೇ ಮಾಡಬೇಡಿ. ಅಣಬೆಯನ್ನು ಸಿಪ್ಪೆ ಸುಲಿಯದೆ ಇಡಿಯಾಗಿ ತಿನ್ನುತ್ತಾರೆ.

ಕೊಡೆಯ ಅಂಚು ಮೇಲಕ್ಕೆ ಸುರುಳುವ ಮುನ್ನವೇ ಕೊಯ್ಯಿರಿ. ಬಲಿತ ಚಿಪ್ಪು ಅಣಬೆ ಬಿಳಿ ಹುಡಿಯಂತೆ ಬೀಜಾಣುಗಳನ್ನು ಉದುರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ದಿನವೂ ಇದನ್ನು ಉಸಿರಾಡಿದವರಿಗೆ ಕೆಮ್ಮು, ಜ್ವರ, ಮೈಕೈ ನೋವು, ಉಬ್ಬಸ ಕಾಣಿಸಿಕೊಳ್ಳಬಹುದು. ಇದನ್ನು ಶೀತವೆಂದು ತಿಳಿದು ತಿಂಗಳುಗಟ್ಟಲೆ ನಿರ್ಲಕ್ಷಿಸುವ ಅಪಾಯವಿದೆ. ಕೊಯ್ಲಿಗೆ ಎರಡು ಗಂಟೆ ಮುಂಚೆ ಬಾಗಿಲು, ಕಿಟಕಿ ತೆರೆದಿಡಿ, ಮುಖಗವಸು ಧರಿಸಿ. ಉಬ್ಬಸದ ತೊಂದರೆ ಇರುವವರಿಗೆ ಕೊಯ್ಲಿನ ಕೆಲಸ ವಹಿಸಬೇಡಿ. ಮಲಗುವ ಕೋಣೆಯ ಪಕ್ಕದಲ್ಲಿ ಚೀಲ ತೂಗುಹಾಕುವುದೂ ಬೇಡ.

ಲೆಕ್ಕವನ್ನು ಮಾರಾಟದಿಂದ ಆರಂಭಿಸಿ

ಕೊಯ್ದ ಚಿಪ್ಪು ಅಣಬೆ ಸಾಮಾನ್ಯ ಉಷ್ಣಾಂಶದಲ್ಲಿ ಒಂದು ದಿನ, ಶೀತಕದಲ್ಲಿ ನಾಲ್ಕೈದು ದಿನ ಉಳಿಯುತ್ತದೆ. ಮೆಣಸಿನಕಾಯಿಯಂತೆ ದರಕ್ಕಾಗಿ ಕಾಯುವ ಬೆಳೆ ಇದಲ್ಲ. ಹಾಗಾಗಿ ಚೀಲಗಳ ಸಂಖ್ಯೆಯನ್ನು ಕೋಣೆಯ ಅಳತೆಯಿಂದ ನಿರ್ಧರಿಸದೆ ಖಚಿತ ಗಿರಾಕಿಗಳಿಂದ ನಿರ್ಧರಿಸಬೇಕು.

ಖಾನಾಪುರ ಪಟ್ಟಣ, ಬೆಳಗಾವಿಯ ಕೆಲವು ಹೋಟೆಲ್ಲು, ತರಕಾರಿ ಅಂಗಡಿಗಳು ಸೇರಿ ದಿನಕ್ಕೆ 8 ಕಿಲೋ ಕೊಳ್ಳುತ್ತವೆ ಎಂದಿಟ್ಟುಕೊಳ್ಳಿ. ಚೀಲಕ್ಕೆ 600 ಗ್ರಾಂ ಇಳುವರಿಯಂತೆ ದಿನಕ್ಕೆ 13ಕ್ಕೂ ಸ್ವಲ್ಪ ಹೆಚ್ಚು, ವಾರಕ್ಕೆ 93 ಚೀಲ ಬೇಕು. ಕೆಲವು ಕೆಡಬಹುದೆಂಬ ಎಚ್ಚರಿಕೆಯಿಂದ 100 ಚೀಲ ಕಟ್ಟಿ. ಪ್ರತಿ ಚೀಲ ಸುಮಾರು 55 ದಿನ ಕೋಣೆಯಲ್ಲಿರುವುದರಿಂದ ಯಾವ ಹೊತ್ತಿಗೂ 700ಕ್ಕೂ ಹೆಚ್ಚು ಚೀಲಗಳು ಒಳಗಿರುತ್ತವೆ. ವಾರಕ್ಕೆ 100 ಕಿಲೋ ಹುಲ್ಲು, 10 ಕಿಲೋ ಬೀಜ. ದಿನಕ್ಕೆ ಎಂಟೇ ಕಿಲೋ ಮಾರಾಟಕ್ಕೆ ಇಷ್ಟು ಕೆಲಸವಿದೆ ಎಂಬುದು ಬಹಳ ಜನರಿಗೆ ಮೊದಲು ಹೊಳೆಯುವುದಿಲ್ಲ. ಎಲ್ಲ ಚೀಲಗಳನ್ನೂ ಒಂದೇ ದಿನ ಕಟ್ಟಿದರೆ ಇನ್ನೊಂದು ತೊಂದರೆ: ಇಳುವರಿಯ ಸುಮಾರು ಅರ್ಧ ಮೊದಲ ಕೊಯ್ಲಿನಲ್ಲೇ ಬಂದು, ನಾಲ್ಕೈದು ದಿನ ರಾಶಿ ಬಿದ್ದು, ಆಮೇಲೆ ಗಿರಾಕಿ ಬಂದಾಗ ಕೊಡಲು ಏನೂ ಇರುವುದಿಲ್ಲ. ಹೋಟೆಲ್ಲಿನವರು ಎರಡು ಬಾರಿ ಬರಿಗೈಯಲ್ಲಿ ಮರಳಿದರೆ ಮೂರನೇ ಬಾರಿ ಬರುವುದಿಲ್ಲ.

ಈಗ ಹಣದ ಲೆಕ್ಕ. ಕೆಳಗಿನ ದರಗಳು ಲೆಕ್ಕ ತಿಳಿಯಲು ಇಟ್ಟುಕೊಂಡ ಊಹೆಯವು. ನಿಮ್ಮ ಊರಿನ ದರ ಹಾಕಿ ನೋಡಿ. ಹುಲ್ಲು, ಬೀಜ, ಪ್ಲಾಸ್ಟಿಕ್, ಉರುವಲು, ಕೂಲಿ ಸೇರಿ ಚೀಲಕ್ಕೆ 40 ರೂ.ನಂತೆ 100 ಚೀಲಕ್ಕೆ 4,000 ರೂ. ಖರ್ಚು. ಹತ್ತು ಚೀಲ ಕೆಟ್ಟು ಉಳಿದವುಗಳಿಂದ 54 ಕಿಲೋ ಬಂತು. ಕಿಲೋಗೆ 150 ರೂ.ನಂತೆ ಎಲ್ಲವೂ ಮಾರಾಟವಾದರೆ 8,100 ರೂ., ಉಳಿತಾಯ 4,100 ರೂ. ಮೂರನೇ ಒಂದು ಪಾಲು ಮಾರಾಟವಾಗದೆ ಕೆಟ್ಟರೆ ಬರುವುದು 5,400 ರೂ., ಉಳಿತಾಯ 1,400 ರೂ. ಕಳಪೆ ಹುಲ್ಲಿನಿಂದ 30 ಚೀಲ ಕೆಟ್ಟು, ಜೊತೆಗೆ ಮೂರನೇ ಒಂದು ಪಾಲು ಮಾರಾಟವೂ ಆಗದಿದ್ದರೆ 28 ಕಿಲೋಗೆ 4,200 ರೂ.; ಉಳಿಯುವುದು 200 ರೂ. ಇದರಲ್ಲಿ ಸಾಗಣೆ, ವಿದ್ಯುತ್, ಕೋಣೆಯ ಖರ್ಚು ಇನ್ನೂ ಕಳೆದಿಲ್ಲ. ಬೆಳೆದವರ ಕೌಶಲ ಎರಡನೆಯ ಮತ್ತು ಮೊದಲ ಲೆಕ್ಕದಲ್ಲಿ ಒಂದೇ, ವ್ಯತ್ಯಾಸವಿರುವುದು ಪೇಟೆಯಲ್ಲಿ.

ಪೇಟೆಯನ್ನು ಗಟ್ಟಿ ಮಾಡಿಕೊಳ್ಳಲು ಕೆಲವು ಸಂಗತಿಗಳು ನೆನಪಿರಲಿ. ಪೊಟ್ಟಣದ ಮೇಲೆ ಕನ್ನಡದಲ್ಲಿ ಅಣಬೆ ಎಂದೂ ಮರಾಠಿಯಲ್ಲಿ ಅಳಂಬಿ ಎಂದೂ ಬರೆಯಿರಿ. ಗಣಪತ ಗಲ್ಲಿಯಂಥ ಪೇಟೆಯಲ್ಲಿ ಎರಡೂ ಭಾಷೆಯ ಗಿರಾಕಿಗಳಿದ್ದಾರೆ. 200 ಗ್ರಾಂ ಪೊಟ್ಟಣ ಒಂದು ಮನೆಯ ಒಂದು ಹೊತ್ತಿನ ಪಲ್ಯಕ್ಕೆ ಸರಿಹೋಗುತ್ತದೆ, ಕೈಯಲ್ಲಿ ಒಂದು ಪಾಕವಿಧಾನದ ಚೀಟಿಯೂ ಇರಲಿ. ಶ್ರಾವಣದಲ್ಲಿ ಮಾಂಸ ಬಿಡುವ ಕುಟುಂಬಗಳಿಂದ ಬೇಡಿಕೆ ಏರುವುದುಂಟು. ಅಣಬೆಯನ್ನೂ ಮಾಂಸದಂತೆಯೇ ದೂರವಿಡುವ ಮನೆಗಳೂ ಇವೆ, ಜೈನ ಕುಟುಂಬಗಳಲ್ಲಿ ಅದು ಯಾವ ತಿಂಗಳೂ ಸಲ್ಲದು. ನಿಮ್ಮ ಓಣಿಯ ಜನರನ್ನು ವಿಚಾರಿಸದೆ ಶ್ರಾವಣಕ್ಕೆಂದು ಚೀಲ ಹೆಚ್ಚಿಸಬೇಡಿ. ಗೋವಾದ ಹೋಟೆಲುಗಳು ಒಳ್ಳೆಯ ಗಿರಾಕಿಗಳೇ, ಆದರೆ ಚೋರ್ಲಾ ಅಥವಾ ಅನಮೋಡ ಘಟ್ಟ ಇಳಿಸಿ ತಲುಪಿಸುವ ಖರ್ಚು ಒಬ್ಬರ 8 ಕಿಲೋಗೆ ಗಿಟ್ಟುವುದಿಲ್ಲ. ಐದಾರು ಬೆಳೆಗಾರರು ಅಥವಾ ಸಂಜೀವಿನಿ ಒಕ್ಕೂಟದ ಸ್ವಸಹಾಯ ಗುಂಪುಗಳು ಕೂಡಿ, ಒಂದೇ ಬಗೆಯ ಅಣಬೆ ಬೆಳೆದು, ಒಂದೇ ವಾಹನದಲ್ಲಿ ಕಳುಹಿಸಿದರೆ ಮಾತ್ರ ಆ ದಾರಿ ತೆರೆಯುತ್ತದೆ.

ಉಳಿದದ್ದನ್ನು ಒಣಗಿಸಿ ಮಾರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಹತ್ತು ಕಿಲೋ ತಾಜಾ ಅಣಬೆ ಒಣಗಿದರೆ ಒಂದು ಕಿಲೋ ಆಗುತ್ತದೆ. ಒಣ ಅಣಬೆಗೆ ತಾಜಾ ದರದ ಹತ್ತು ಪಟ್ಟು ಹಾಗೂ ಒಣಗಿಸಿದ ಖರ್ಚು ಸಿಗದಿದ್ದರೆ ಅದು ನಷ್ಟ ತಗ್ಗಿಸುವ ಉಪಾಯವೇ ಹೊರತು ಲಾಭದ ದಾರಿಯಲ್ಲ. ಮಳೆಗಾಲದಲ್ಲಿ 45ರಿಂದ 55 ಡಿಗ್ರಿ ಶಾಖ ನೀಡುವ ಒಣಗಿಸುವ ಯಂತ್ರವೇ ಬೇಕು. ಒಣ ಅಣಬೆ, ಪುಡಿ, ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು.

ಗುಂಡಿ ಅಣಬೆ: ಸಾಲ ಮಾಡುವ ಮುನ್ನ

ಪೇಟೆ ಗುಂಡಿ ಅಣಬೆಯನ್ನೇ ಕೇಳುತ್ತದೆಯಾದರೆ ಅದನ್ನೇ ಏಕೆ ಬೆಳೆಯಬಾರದು? ಬೆಳೆಯಬಹುದು, ಆದರೆ ಅದು ಬೇರೆಯೇ ಉದ್ಯಮ. ಕೊಡೆ ಮೂಡುವ ಹಂತದಲ್ಲಿ 14ರಿಂದ 18 ಡಿಗ್ರಿ ಉಷ್ಣಾಂಶವನ್ನು ಹಗಲೂ ರಾತ್ರಿ ಕಾಯ್ದುಕೊಳ್ಳಬೇಕು. ಬೆಳಗಾವಿಯ ಜನವರಿ ರಾತ್ರಿಗಳು 14 ಡಿಗ್ರಿಗೆ ಇಳಿದರೂ ಮಧ್ಯಾಹ್ನ 29ರವರೆಗೆ ಏರುತ್ತದೆ. ಆದ್ದರಿಂದ ಶಾಖನಿರೋಧಕ ಕೋಣೆ, ತಂಪುಯಂತ್ರ, ವಿದ್ಯುತ್ ಹೋದಾಗ ಜನರೇಟರ್ ಇಲ್ಲದೆ ವಾಣಿಜ್ಯ ಬೆಳೆ ಆಗದು. ಇದಕ್ಕೆ ಹುಲ್ಲು ಬರಿದಾಗಿ ಸಾಲದು. ಹುಲ್ಲು, ಕೋಳಿ ಗೊಬ್ಬರ, ಯೂರಿಯಾ, ಜಿಪ್ಸಂ ಸೇರಿಸಿ ಮೂರ್ನಾಲ್ಕು ವಾರ ಮಗುಚಿ ಕಾಂಪೋಸ್ಟ್ ತಯಾರಿಸಬೇಕು. 57ರಿಂದ 60 ಡಿಗ್ರಿಯಲ್ಲಿ ಪಾಶ್ಚರೀಕರಣ ಮಾಡಿ ಅಮೋನಿಯಾ ವಾಸನೆ ಪೂರ್ತಿ ಹೋಗುವವರೆಗೆ ಕಾಯಬೇಕು. 100 ಕಿಲೋ ಕಾಂಪೋಸ್ಟ್‌ಗೆ 15ರಿಂದ 20 ಕಿಲೋ ಇಳುವರಿ ಬರುತ್ತದೆ. ಕಬ್ಬಿನ ಸಿಪ್ಪೆಯನ್ನು ಬಳಸಬಹುದಾದರೂ ಸಕ್ಕರೆ ಕಾರ್ಖಾನೆಗಳು ಅದನ್ನು ವಿದ್ಯುತ್ ತಯಾರಿಕೆಗೇ ಬಳಸುವುದರಿಂದ ಅಗ್ಗವಾಗಿ ಸಿಗುವ ಕಾಲ ಮುಗಿದಿದೆ. ಕಾಂಪೋಸ್ಟ್ ಅಂಗಳದ ವಾಸನೆಗೆ ನೆರೆಹೊರೆಯವರ ಆಕ್ಷೇಪ ಬರುವುದೂ ಖಚಿತ. ಊರೊಳಗೆ ಜಾಗ ನೋಡಬೇಡಿ.

ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿ ಅಣಬೆ ಉತ್ಪಾದನೆ, ಬೀಜ ಮತ್ತು ಕಾಂಪೋಸ್ಟ್ ಘಟಕಗಳಿಗೆ ಖಾಸಗಿಯವರಿಗೆ ಶೇ. 40ರಷ್ಟು ಸಾಲಾಧಾರಿತ ಸಹಾಯಧನವಿದೆ. ಸಂಸ್ಕರಣೆಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ ಕೇಂದ್ರದ ಮಾರ್ಗಸೂಚಿಯಂತೆ ಶೇ. 35, ಗರಿಷ್ಠ 10 ಲಕ್ಷ ರೂ. ನೆರವು ನಿಗದಿಯಾಗಿದೆ, ರಾಜ್ಯದ ಹೆಚ್ಚುವರಿ ಪಾಲೂ ಇದಕ್ಕೆ ಸೇರುತ್ತದೆ. ಸದ್ಯದ ಮಾರ್ಗಸೂಚಿಯನ್ನು ತೋಟಗಾರಿಕೆ ಮತ್ತು ಕೃಷಿ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ, ಕಾಮಗಾರಿ ಆರಂಭಿಸುವ ಮುನ್ನವೇ ವಿಚಾರಿಸಿ. ಸಹಾಯಧನ ಸಿಗುತ್ತದೆ ಎಂಬ ಕಾರಣಕ್ಕೆ ಘಟಕದ ಗಾತ್ರ ಹಿಗ್ಗಿಸಬೇಡಿ. ಕಂತು ಕಟ್ಟುವುದು ಅಣಬೆ ಮಾರಿದ ಹಣದಿಂದ.

ಮರುಖರೀದಿಯ ಭರವಸೆ

ಬೀಜ ಅಥವಾ ಸಿದ್ಧ ಚೀಲಗಳನ್ನು ದುಬಾರಿ ದರಕ್ಕೆ ಮಾರಿ, ಬೆಳೆದದ್ದನ್ನೆಲ್ಲ ತಾವೇ ಕೊಳ್ಳುತ್ತೇವೆ ಎನ್ನುವವರು ಹಳ್ಳಿಗಳಿಗೆ ಬರುತ್ತಾರೆ. ಮುಂಗಡ ಕೊಡುವ ಮುನ್ನ ಅವರನ್ನು ಕೇಳಿ: ಇಡೀ ಒಂದು ವರ್ಷ ನಿಮಗೆ ಮಾರಿದ ಮೂವರು ರೈತರ ಊರು ಯಾವುದು? ಆ ಊರಿಗೆ ಅವರಿಲ್ಲದೆ ನೀವೊಬ್ಬರೇ ಹೋಗಿ ವಿಚಾರಿಸಿ. ಒಪ್ಪಂದದಲ್ಲಿ ದರ, ತೂಕ ಮಾಡುವ ಸ್ಥಳ, ಗುಣಮಟ್ಟ ತಿರಸ್ಕರಿಸುವ ನಿಯಮ, ಹಣ ಪಾವತಿಯ ದಿನ ಬರಹದಲ್ಲಿರಬೇಕು. "ಗುಣಮಟ್ಟ ಸರಿಯಿದ್ದರೆ ಕೊಳ್ಳಲಾಗುವುದು" ಎಂಬ ಒಂದೇ ಸಾಲಿದ್ದರೆ ಅದು ಒಪ್ಪಂದವಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ತರಬೇತಿ ಪಡೆದವರ ಸಂಖ್ಯೆಗಿಂತ, ಒಂದು ವರ್ಷದ ನಂತರವೂ ಚೀಲ ಕಟ್ಟುತ್ತಿರುವವರ ಸಂಖ್ಯೆಯನ್ನು ದಾಖಲಿಸಿ. ನಿಲ್ಲಿಸಿದವರನ್ನು ಭೇಟಿ ಮಾಡಿ ಕಾರಣ ಬರೆದುಕೊಳ್ಳಿ; ಮುಂದಿನ ತರಬೇತಿಗೆ ಅದಕ್ಕಿಂತ ಉತ್ತಮ ಪಠ್ಯ ಸಿಗದು. ಅಣಬೆಯ ಪೌಷ್ಟಿಕತೆಯನ್ನು ಹೇಳುವಾಗ ಉತ್ಪ್ರೇಕ್ಷೆ ಬೇಡ. ಒಣ ತೂಕದಲ್ಲಿ ಪ್ರೋಟೀನ್ ಶೇ. 20ರಿಂದ 30 ಇದ್ದರೂ 100 ಗ್ರಾಂ ತಾಜಾ ಅಣಬೆಯಲ್ಲಿ ಅದು ಎರಡು, ಮೂರು ಗ್ರಾಂ ಮಾತ್ರ. ಮಾಂಸಕ್ಕೆ ಸಮ ಎಂದು ಹೇಳಿ ಮಾರಿಸುವುದು ತಾಯಂದಿರಿಗೆ ತಪ್ಪು ಮಾಹಿತಿ ಕೊಟ್ಟಂತೆ.

ಕಾಡಿನ ಅಣಬೆಯ ಬಗ್ಗೆ ಪ್ರತಿ ಮಳೆಗಾಲದ ಆರಂಭದಲ್ಲಿ ಎಚ್ಚರಿಸಿ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳು ತಿಂದಿದ್ದರೆ ವಿಷವಲ್ಲ ಎಂಬ ನಂಬಿಕೆಗಳು ಸುಳ್ಳು. ಮಾರಕ ಜಾತಿಗಳ ಲಕ್ಷಣಗಳು ತಿಂದ ಆರೇಳು ಗಂಟೆಗಳ ಮೇಲೆ ಕಾಣಿಸುವುದುಂಟು, ಆ ವೇಳೆಗೆ ಯಕೃತ್ತಿಗೆ ಹಾನಿ ಆರಂಭವಾಗಿರುತ್ತದೆ. ವಾಂತಿ, ಭೇದಿ ಕಂಡರೆ ಉಳಿದ ಅಣಬೆಯ ತುಣುಕಿನೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕೋಣೆಯಲ್ಲಿ ಬೆಳೆದ ಅಣಬೆಯೊಂದಿಗೆ ಕಾಡಿನದನ್ನು ಬೆರೆಸಿ ಮಾರುವುದನ್ನು ಯಾವ ಗುಂಪಿಗೂ ಅನುಮತಿಸಬೇಡಿ.

ತರಬೇತಿಯ ದಿನಾಂಕ ಮತ್ತು ಬೀಜದ ಲಭ್ಯತೆಯನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯ, ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬರುವಾಗ ಎರಡು ವಸ್ತುಗಳನ್ನು ತನ್ನಿ: ನಿಮ್ಮ ಮನೆಯ ಬಣವೆಯಿಂದ ಎಳೆದ ಒಂದು ಹಿಡಿ ಹುಲ್ಲು, ಮತ್ತು ವಾರಕ್ಕೆ ಇಷ್ಟು ಕಿಲೋ ಕೊಳ್ಳುತ್ತೇವೆ ಎಂದು ಒಪ್ಪಿದ ಅಂಗಡಿ, ಹೋಟೆಲುಗಳ ಪಟ್ಟಿ.